ಫೋನಿನಲ್ಲಿ ಕಲಾವಿದರ ದನಿ, ಕಂಪ್ಯೂಟರ್ ದನಿ: ಎರಡನ್ನೂ ಸೇರಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಐವಿಆರ್ (ಫೋನ್ ಮಾಡಿದಾಗ "ಕನ್ನಡಕ್ಕೆ ಒಂದನ್ನು ಒತ್ತಿ" ಅನ್ನುವಂಥ ವ್ಯವಸ್ಥೆ) ಮತ್ತು ವಾಯ್ಸ್ ಬಾಟ್‌ಗಳಿಗೆ (ಫೋನಿನಲ್ಲಿ ಮಾತಿಗೆ ಮಾತು ಕೊಡುವ ತಂತ್ರಾಂಶ) ಕನ್ನಡದ ದನಿ ಸಿದ್ಧಪಡಿಸುವುದು ನನ್ನ ಕೆಲಸ. ಕಲಾವಿದರಿಂದ ರೆಕಾರ್ಡ್ ಮಾಡಿಸಿದ ಮಾತನ್ನೂ ಕಂಪ್ಯೂಟರ್ ಹುಟ್ಟಿಸುವ ಮಾತನ್ನೂ ಒಂದೇ ಕರೆಯಲ್ಲಿ ಬಳಸುವ ಬಗ್ಗೆ ಮೇಲಿಂದ ಮೇಲೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಈಗಾಗಲೇ ಲೈನ್ ನಡೆಸುತ್ತಿರುವವರು ನೇರವಾಗಿ ಮೂರನೇ ಭಾಗಕ್ಕೆ ಹೋಗಬಹುದು.

## 1. ಮೊದಲು ತಿಳಿಯಬೇಕಾದ್ದು

ರೆಕಾರ್ಡಿಂಗ್ ಅಂತೀರಿ, ಟಿಟಿಎಸ್ ಅಂತೀರಿ. ಫೋನಿನಲ್ಲಿ ಎರಡಕ್ಕೂ ಏನು ವ್ಯತ್ಯಾಸ?

"ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಅನ್ನುವ ಮಾತು ಎಲ್ಲರೂ ಕೇಳಿದ್ದೀರಿ. ಅದು ರೆಕಾರ್ಡಿಂಗ್. ಒಬ್ಬರು ಸ್ಟುಡಿಯೋದಲ್ಲಿ ಒಮ್ಮೆ ಹೇಳಿದ್ದನ್ನು ಲಕ್ಷಾಂತರ ಜನಕ್ಕೆ ಹಾಗೇ ಕೇಳಿಸುತ್ತಾರೆ. ಟಿಟಿಎಸ್ ಅಂದರೆ ಬರೆದ ಸಾಲನ್ನು ಆ ಕ್ಷಣದಲ್ಲೇ ದನಿಯಾಗಿ ಮಾಡುವ ತಂತ್ರಾಂಶ. ಆ ಸಾಲನ್ನು ಹಿಂದೆ ಯಾರೂ ಬಾಯಿಬಿಟ್ಟು ಹೇಳಿರಬೇಕಾಗಿಲ್ಲ.

ರೆಕಾರ್ಡಿಂಗ್‌ನಲ್ಲಿ ಜೀವ ಇರುತ್ತದೆ, ಆದರೆ ಹೇಳಿದ್ದಷ್ಟೇ ಸಿಗುತ್ತದೆ. ಟಿಟಿಎಸ್ ಏನು ಬೇಕಾದರೂ ಹೇಳುತ್ತದೆ, ಆದರೆ ಅದರ ಅರ್ಥ ಅದಕ್ಕೆ ಗೊತ್ತಿರುವುದಿಲ್ಲ. "ನಿಮ್ಮ ವರದಿ ಬಂದಿದೆ" ಅನ್ನುವುದನ್ನೂ "ನಿಮ್ಮ ಅರ್ಜಿ ತಿರಸ್ಕೃತವಾಗಿದೆ" ಅನ್ನುವುದನ್ನೂ ಒಂದೇ ಧಾಟಿಯಲ್ಲಿ ಓದಿಬಿಡಬಹುದು.

ಈಗಿನ ಟಿಟಿಎಸ್ ಚೆನ್ನಾಗೇ ಇದೆಯಲ್ಲ, ಮತ್ತೆ ಎರಡನ್ನೂ ಯಾಕೆ ಸೇರಿಸಬೇಕು?

ಚೆನ್ನಾಗಿದೆ, ನಿಜ. 2016ರಲ್ಲಿ ಡೀಪ್‌ಮೈಂಡ್‌ನ ವೇವ್‌ನೆಟ್ ಬಂದ ಮೇಲೆ ಕಂಪ್ಯೂಟರ್ ದನಿಯ ಗುಣಮಟ್ಟ ಒಂದೇ ಏಟಿಗೆ ಮೇಲೇರಿತು. ಕನ್ನಡಕ್ಕೂ ಒಳ್ಳೆಯ ಕೆಲಸ ಆಗಿದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡದ ಮಾಡೆಲ್‌ಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿಟಿಎಸ್‌ಗೆಂದೇ ನಡೆದ ಸಿಸ್ಪಿನ್ ಯೋಜನೆಯ ಒಂಬತ್ತು ಭಾಷೆಗಳಲ್ಲಿ ಕನ್ನಡವೂ ಒಂದು.

ಆದರೂ ಪ್ರತಿ ಕರೆಯಲ್ಲೂ ಬದಲಾಗದೇ ಬರುವ ಕೆಲವು ಮಾತುಗಳಿರುತ್ತವೆ: ಸ್ವಾಗತ, ಕ್ಷಮೆ, ಎಚ್ಚರಿಕೆ, "ನಮ್ಮ ಸಿಬ್ಬಂದಿಗೆ ಕನೆಕ್ಟ್ ಮಾಡುತ್ತಿದ್ದೇವೆ". ಇವುಗಳ ಮೇಲೆ ಒಬ್ಬ ಒಳ್ಳೆಯ ಕಲಾವಿದೆ ಅರ್ಧ ದಿನ ಕೂತು ಕೆಲಸ ಮಾಡಿದರೆ ಸಂಸ್ಥೆಯ ಮಾತಿಗೆ ಒಂದು ಮುಖ ಬರುತ್ತದೆ. ಕರೆಯಿಂದ ಕರೆಗೆ ಬದಲಾಗುವ ಮಾತನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಇದೆಲ್ಲ ಎಐ ಬಂದ ಮೇಲೆ ಶುರುವಾದದ್ದಾ?

ಅಲ್ಲ. ದನಿಯ ತುಂಡುಗಳನ್ನು ಯಂತ್ರ ಜೋಡಿಸಿ ಹೇಳುವುದು ಬಹಳ ಹಳೆಯದು. 1936ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಫೋನಿನಲ್ಲಿ ಸಮಯ ಹೇಳುವ ಸೇವೆ ಶುರುಮಾಡಿತು. ಟೆಲಿಫೋನ್ ಆಪರೇಟರ್ ಆಗಿದ್ದ ಎಥೆಲ್ ಕೇನ್ ಅವರ ದನಿಯನ್ನು ಗಾಜಿನ ತಟ್ಟೆಗಳ ಮೇಲೆ ತುಂಡು ತುಂಡಾಗಿ ದಾಖಲಿಸಿದ್ದರು. ಗಂಟೆ, ನಿಮಿಷ, ಸೆಕೆಂಡುಗಳನ್ನು ಯಂತ್ರವೇ ಆರಿಸಿ ಜೋಡಿಸುತ್ತಿತ್ತು. ನಮ್ಮ ರೈಲು ನಿಲ್ದಾಣಗಳಲ್ಲಿ ಗಾಡಿ ಸಂಖ್ಯೆ, ಪ್ಲಾಟ್‌ಫಾರಂ ಸಂಖ್ಯೆ ಹೇಳುವುದೂ ಇದೇ ಬಗೆ.

1990ರ ದಶಕದಲ್ಲಿ ತುಂಡುಗಳು ಇನ್ನೂ ಚಿಕ್ಕದಾದವು. ಒಬ್ಬರ ಗಂಟೆಗಟ್ಟಲೆ ಮಾತನ್ನು ಅಕ್ಷರಕ್ಕಿಂತ ಸಣ್ಣ ಚೂರುಗಳಾಗಿ ಕತ್ತರಿಸಿ ಹೊಸ ವಾಕ್ಯ ಕಟ್ಟುವ ವಿಧಾನ ಬಂತು. 2018ರಲ್ಲಿ ಗೂಗಲ್ ತೋರಿಸಿದ ಡ್ಯೂಪ್ಲೆಕ್ಸ್, ಅಂದರೆ ಹೋಟೆಲಿಗೆ ತಾನೇ ಫೋನ್ ಮಾಡಿ ಟೇಬಲ್ ಬುಕ್ ಮಾಡುವ ಬಾಟ್, ಹೀಗೆ ಚೂರು ಜೋಡಿಸುವ ಎಂಜಿನ್ ಮತ್ತು ಪೂರ್ತಿ ಹೊಸದಾಗಿ ದನಿ ಹುಟ್ಟಿಸುವ ಎಂಜಿನ್ ಎರಡನ್ನೂ ಬೆರೆಸಿ ಬಳಸಿತ್ತು.

ಎರಡು ದನಿ ಬೆರೆಸಿದರೆ ಕೇಳುವವರಿಗೆ ನಿಜವಾಗಲೂ ಅನುಕೂಲವಾಗುತ್ತಾ?

ಇದಕ್ಕೆ ಬಹಳ ಜನ ಹೌದು ಅಂದುಬಿಡುತ್ತಾರೆ. ವಿಷಯ ಅಷ್ಟು ಸರಳವಿಲ್ಲ. 2001ರಲ್ಲಿ ಲಿ ಗಾಂಗ್ ಮತ್ತು ಜೆನಿಫರ್ ಲೈ ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಫೋನಿನಲ್ಲಿ ಸಿಗುವ ಒಂದು ಸಹಾಯಕ ವ್ಯವಸ್ಥೆಯನ್ನು ಕೆಲವರಿಗೆ ಪೂರ್ತಿ ಕಂಪ್ಯೂಟರ್ ದನಿಯಲ್ಲಿ ಕೊಟ್ಟರು, ಇನ್ನು ಕೆಲವರಿಗೆ ಮನುಷ್ಯರ ದನಿ ಬೆರೆಸಿ ಕೊಟ್ಟರು. ಬೆರಕೆ ದನಿ ಕೇಳಿದವರು ತಾವು ಕೆಲಸ ಚೆನ್ನಾಗಿ ಮಾಡಿದೆವು ಅಂದುಕೊಂಡರು, ಆ ವ್ಯವಸ್ಥೆಯನ್ನು ಜಾಸ್ತಿ ಇಷ್ಟವೂ ಪಟ್ಟರು. ಆದರೆ ಕೊಟ್ಟ ಕೆಲಸವನ್ನು ನಿಜವಾಗಿ ಚೆನ್ನಾಗಿ ಮಾಡಿದ್ದು ಒಂದೇ ಕಂಪ್ಯೂಟರ್ ದನಿ ಕೇಳಿದವರು.

ಕಾರಣ ಊಹಿಸುವುದು ಕಷ್ಟವಲ್ಲ. ದನಿ ಬದಲಾದಾಗಲೆಲ್ಲ ಕಿವಿ ಹೊಸದಾಗಿ ಹೊಂದಿಕೊಳ್ಳಬೇಕು, ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ. ಆಗಿನ ಟಿಟಿಎಸ್‌ಗೂ ಈಗಿನದಕ್ಕೂ ಹೋಲಿಕೆಯೇ ಇಲ್ಲ. ಆದರೂ ಇದರಿಂದ ನಾನು ತೆಗೆದುಕೊಂಡ ನಿಯಮ ಇಂದಿಗೂ ನಡೆಯುತ್ತದೆ: ಒಂದು ವಾಕ್ಯದೊಳಗೆ ದನಿ ಬದಲಾಗಬಾರದು. ಬದಲಾಗುವುದಾದರೆ ವಾಕ್ಯ ಮುಗಿದ ಮೇಲೆ. ಸಾಧ್ಯವಾದರೆ ಒಂದು ವಿಷಯ ಮುಗಿದು ಇನ್ನೊಂದಕ್ಕೆ ಹೋಗುವಾಗ. ಪೂರ್ತಿ ಕಂಪ್ಯೂಟರ್ ದನಿಯನ್ನು ಜನ ಸಹಿಸಿಕೊಳ್ಳುತ್ತಾರೆ. "ನಿಮ್ಮ ಬಾಕಿ" ಒಬ್ಬರ ದನಿ, "ಮುನ್ನೂರ ನಲವತ್ತು" ಇನ್ನೊಂದು ದನಿ, "ರೂಪಾಯಿ" ಮತ್ತೆ ಮೊದಲಿನವರ ದನಿ ಅಂತಾದರೆ ಕೇಳುವವರ ಗಮನವೆಲ್ಲ ದನಿಯ ಮೇಲೇ ಹೋಗುತ್ತದೆ, ಮೊತ್ತ ಕಿವಿಗೆ ಬೀಳುವುದಿಲ್ಲ.

ನಮ್ಮದು ಚಿಕ್ಕ ಆಸ್ಪತ್ರೆ. ಯಾವುದನ್ನು ರೆಕಾರ್ಡ್ ಮಾಡಿಸಬೇಕು, ಯಾವುದನ್ನು ಕಂಪ್ಯೂಟರ್‌ಗೆ ಬಿಡಬೇಕು?

ಒಂದು ವಾರದ ಕರೆಗಳಲ್ಲಿ ಬರಬಹುದಾದ ವಾಕ್ಯಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯಿರಿ. ಅಕ್ಷರವೂ ಬದಲಾಗದ ವಾಕ್ಯಗಳಿಗೆ ಗುರುತು ಹಾಕಿ. ಆಸ್ಪತ್ರೆಯಾದರೆ ಸ್ವಾಗತ, ಭಾಷೆ ಆಯ್ಕೆ, ತುರ್ತು ಇದ್ದರೆ ಏನು ಮಾಡಬೇಕು, ಓಪಿಡಿ ಸಮಯ, ಕಾಯಿಸುವಾಗಿನ ಮಾತು, ಇಷ್ಟು ಸಿಗುತ್ತವೆ. ಇವನ್ನು ರೆಕಾರ್ಡ್ ಮಾಡಿಸಿ. ಡಾಕ್ಟರ ಹೆಸರು, ದಿನ, ಟೋಕನ್ ಸಂಖ್ಯೆ ಬರುವ ವಾಕ್ಯಗಳನ್ನು ಪೂರ್ತಿಯಾಗಿ ಟಿಟಿಎಸ್‌ಗೆ ಬಿಡಿ.

ಓಪಿಡಿ ಸಮಯ ಆಗಾಗ ಬದಲಾಗುತ್ತದೆ ಅಂತಿದ್ದರೆ ಅದನ್ನೂ ಟಿಟಿಎಸ್‌ಗೇ ಬಿಡಿ. ಬದಲಾದಾಗಲೆಲ್ಲ ಕಲಾವಿದರನ್ನು ಕರೆಸಲು ಆಗುವುದಿಲ್ಲ. ಆಗ ಯಾರೋ ಸಿಬ್ಬಂದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಹಾಕಿಬಿಡುತ್ತಾರೆ. ಲೈನ್ ಕೆಡುವುದು ಅಲ್ಲಿಂದಲೇ.

## 2. ಕನ್ನಡದಲ್ಲಿ ಮಾಡುವಾಗ

ಇಂಗ್ಲಿಷ್ ಸ್ಕ್ರಿಪ್ಟನ್ನೇ ಕನ್ನಡಕ್ಕೆ ಮಾಡಿಸಿದ್ವಿ. ಊರಿನ ಹೆಸರು ಬಂದಲ್ಲೆಲ್ಲ ವಿಚಿತ್ರವಾಗಿ ಕೇಳುತ್ತೆ. ಯಾಕೆ?

ಇಂಗ್ಲಿಷ್‌ನಲ್ಲಿ ವಾಕ್ಯದ ನಡುವೆ ಒಂದು ಖಾಲಿ ಜಾಗ ಬಿಟ್ಟು ಊರಿನ ಹೆಸರು ತುಂಬಿದರೆ ನಡೆಯುತ್ತದೆ. ಕನ್ನಡದಲ್ಲಿ ಹೆಸರಿನ ಬಾಲ ಬದಲಾಗುತ್ತದೆ. ಮೈಸೂರಿಗೆ, ಮಂಡ್ಯಕ್ಕೆ, ಉಡುಪಿಗೆ, ಧಾರವಾಡಕ್ಕೆ. "ಮಂಡ್ಯ" ಅನ್ನುವ ಒಂದು ಕ್ಲಿಪ್, "ಗೆ" ಅನ್ನುವ ಇನ್ನೊಂದು ಕ್ಲಿಪ್ ಇಟ್ಟುಕೊಂಡು ಜೋಡಿಸಿದರೆ "ಮಂಡ್ಯ... ಗೆ" ಅಂತ ಬರುತ್ತದೆ. ಹಾಗೆ ಯಾರೂ ಮಾತಾಡುವುದಿಲ್ಲ.

ಎರಡು ದಾರಿಗಳಿವೆ. ಊರುಗಳು ಕಡಿಮೆ ಇದ್ದರೆ "ಮಂಡ್ಯಕ್ಕೆ", "ಮಂಡ್ಯದಿಂದ" ಅಂತ ಒಂದೊಂದು ರೂಪವನ್ನೂ ರೆಕಾರ್ಡ್ ಮಾಡಿಸಿ. ಜಾಸ್ತಿ ಇದ್ದರೆ ವಾಕ್ಯವನ್ನೇ ತಿರುಗಿಸಿ ಬರೆಯಿರಿ. "ನೀವು ಮಂಡ್ಯಕ್ಕೆ ಟಿಕೆಟ್ ಕೇಳಿದ್ದೀರಿ" ಅನ್ನುವ ಬದಲು "ನೀವು ಹೋಗಬೇಕಾದ ಊರು, ಮಂಡ್ಯ" ಅನ್ನಿ. ಹೆಸರು ಕೊನೆಗೆ ಬಂತು, ಬಾಲ ಹೋಯಿತು, ನಡುವೆ ಒಂದು ಸಹಜವಾದ ನಿಲುಗಡೆಯೂ ಸಿಕ್ಕಿತು. ತಾರೀಖಿಗೂ ಇದೇ ಮಾತು. "ಹದಿನೈದನೇ ತಾರೀಖು" ಅನ್ನುವುದನ್ನು ಒಂದೇ ಕ್ಲಿಪ್ ಮಾಡಿಸಿ. 31 ಕ್ಲಿಪ್ ಆದರೆ ಮುಗಿಯಿತು.

ನಾನು ಹೇಳುವುದು ಇಷ್ಟೇ: ಕನ್ನಡದ ಸ್ಕ್ರಿಪ್ಟನ್ನು ಕನ್ನಡದಲ್ಲೇ ಬರೆಸಿ. ಕೌಂಟರಿನಲ್ಲಿ ಕೂತು ದಿನವೂ ಗ್ರಾಹಕರ ಜೊತೆ ಮಾತಾಡುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೊತ್ತ ಹೇಳಲು ಸಂಖ್ಯೆಗಳನ್ನೂ ರೆಕಾರ್ಡ್ ಮಾಡಿಸಬಹುದಾ? ಎಷ್ಟು ಕ್ಲಿಪ್ ಬೇಕಾಗುತ್ತೆ?

ಮಾಡಿಸಬಹುದು, ಚೆನ್ನಾಗಿಯೂ ಬರುತ್ತದೆ. ಆದರೆ ಲೆಕ್ಕ ಹಾಕಿ ಮಾಡಬೇಕು. 2,345 ರೂಪಾಯಿಯನ್ನು ನಾವು "ಎರಡು ಸಾವಿರದ ಮುನ್ನೂರ ನಲವತ್ತೈದು ರೂಪಾಯಿ" ಅನ್ನುತ್ತೇವೆ. ಸಾವಿರ ಹೋಗಿ ಸಾವಿರದ ಆಯಿತು, ಮುನ್ನೂರು ಹೋಗಿ ಮುನ್ನೂರ ಆಯಿತು. ಇಪ್ಪತ್ತೊಂದು, ಮೂವತ್ತಾರು, ಐವತ್ತೆಂಟು ಇವನ್ನು ಹತ್ತು ಮತ್ತು ಬಿಡಿ ಅಂತ ಬೇರೆ ಮಾಡಿ ಜೋಡಿಸಲು ಆಗುವುದಿಲ್ಲ. ಹಾಗಾಗಿ 1ರಿಂದ 99ರವರೆಗೆ ಪೂರ್ತಿ ಬೇಕು.

ನಾನು ಬಳಸುವ ಪಟ್ಟಿ ಹೀಗಿದೆ. 1ರಿಂದ 99, ಮುಂದೆ ಇನ್ನೂ ಮಾತಿದೆ ಅನ್ನುವ ಧಾಟಿಯಲ್ಲಿ: 99 ಕ್ಲಿಪ್. ಅವೇ ಸಂಖ್ಯೆಗಳು "ರೂಪಾಯಿ" ಸೇರಿಸಿ, ಮಾತು ಮುಗಿಯುವ ಧಾಟಿಯಲ್ಲಿ: ಇನ್ನೊಂದು 99. ನೂರ, ಇನ್ನೂರ, ಮುನ್ನೂರ ಹೀಗೆ ಒಂಬೈನೂರದವರೆಗೆ 9. ನೂರು ರೂಪಾಯಿ, ಇನ್ನೂರು ರೂಪಾಯಿ ಹೀಗೆ 9. ಸಾವಿರದ, ಲಕ್ಷದ, ಕೋಟಿಯ ಮೂರು. ಸಾವಿರ ರೂಪಾಯಿ, ಲಕ್ಷ ರೂಪಾಯಿ, ಕೋಟಿ ರೂಪಾಯಿ ಮೂರು. ಸೊನ್ನೆ ರೂಪಾಯಿ ಒಂದು. ಒಟ್ಟು 223. ಇಷ್ಟರಲ್ಲಿ 99 ಕೋಟಿ ದಾಟುವವರೆಗೆ ಯಾವ ಮೊತ್ತವನ್ನಾದರೂ ಹೇಳಬಹುದು. ಪೈಸೆಯನ್ನು ಬಿಟ್ಟುಬಿಡಿ, ಫೋನಿನಲ್ಲಿ ಯಾರಿಗೂ ಬೇಡ.

"ರೂಪಾಯಿ"ಯನ್ನು ಬೇರೆ ಕ್ಲಿಪ್ ಮಾಡದೇ ಕೊನೆಯ ಸಂಖ್ಯೆಗೆ ಸೇರಿಸಿಯೇ ಹೇಳಿಸುವುದು ಮುಖ್ಯ. ಮೊತ್ತದ ಕೊನೆಯಲ್ಲಿ ದನಿ ಇಳಿಯುವುದು ಅಲ್ಲೇ. ಆ ಇಳಿತ ಸರಿಯಾಗಿ ಬಂದರೆ ಮೊತ್ತ ಮುಗಿಯಿತು ಅಂತ ಕೇಳುವವರಿಗೆ ಗೊತ್ತಾಗಿ ಬರೆದುಕೊಳ್ಳುತ್ತಾರೆ.

ಗ್ರಾಹಕರು 20 ಅಂದಿದ್ದನ್ನು 70 ಅಂತ, 70 ಅಂದಿದ್ದನ್ನು 20 ಅಂತ ಕೇಳಿಸಿಕೊಳ್ಳುತ್ತಾರೆ. ರೆಕಾರ್ಡಿಂಗ್ ಸರಿಯಾಗೇ ಇದೆ!

ಆ ಫೈಲನ್ನು ಎಡಿಟರ್‌ನಲ್ಲಿ ತೆರೆದು ಮೊದಲ ತುದಿಯನ್ನು ದೊಡ್ಡದು ಮಾಡಿ ನೋಡಿ. ಇಪ್ಪತ್ತು, ಎಪ್ಪತ್ತು ಎರಡಕ್ಕೂ ಇರುವ ವ್ಯತ್ಯಾಸ ಮೊದಲ ಸ್ವರ ಮಾತ್ರ. ಕ್ಲಿಪ್ ಕತ್ತರಿಸುವವರು ಮೌನ ತೆಗೆಯುವ ಆತುರದಲ್ಲಿ ಆ ಸ್ವರದ ಶುರುವನ್ನೂ ಕೊಯ್ದಿರುತ್ತಾರೆ. ಉಳಿಯುವುದು ಒಂದು ಚೂರು ಸ್ವರ, ಆಮೇಲೆ "ಪ್ಪತ್ತು". ಇಪ್ಪತ್ತೈದು–ಎಪ್ಪತ್ತೈದು, ಇಪ್ಪತ್ತೊಂಬತ್ತು–ಎಪ್ಪತ್ತೊಂಬತ್ತು, ಇಡೀ ಸಾಲಿಗೂ ಇದೇ ಪಾಡು.

ಸ್ವರದಿಂದ ಶುರುವಾಗುವ ಕ್ಲಿಪ್‌ಗಳಲ್ಲಿ ಮುಂದೆ 30 ಮಿಲಿಸೆಕೆಂಡಿನಷ್ಟು ಮೌನ ಬಿಟ್ಟೇ ಕತ್ತರಿಸಿ. ಮೌನವನ್ನು ತಾನೇ ಕತ್ತರಿಸುವ ಸಾಫ್ಟ್‌ವೇರನ್ನು ಸಂಖ್ಯೆಗಳ ಮೇಲೆ ಬಳಸಬೇಡಿ. ಕಲಾವಿದರಿಗೂ ಮೊದಲ ಸ್ವರವನ್ನು ಒಂಚೂರು ಒತ್ತಿ ಹೇಳಲು ತಿಳಿಸಿ. ದುಡ್ಡಿನ ವಿಷಯವಾದರೆ ಮೊತ್ತವನ್ನು ಎಸ್‌ಎಂಎಸ್‌ನಲ್ಲೂ ಕಳಿಸಿ. ಐವತ್ತು ರೂಪಾಯಿ ವ್ಯತ್ಯಾಸಕ್ಕೆ ಒಬ್ಬ ರೈತ ತಾಲ್ಲೂಕು ಕೇಂದ್ರಕ್ಕೆ ಬಸ್ ಹತ್ತಿ ಬರುವಂತಾಗಬಾರದು.

ಗ್ರಾಹಕರ ಹೆಸರು ಹೇಳಿಯೇ ಮಾತಾಡಿಸಬೇಕು ಅಂತ ನಮ್ಮ ಎಂಡಿ ಹೇಳ್ತಾರೆ. ಆಗುತ್ತಾ?

ಆಗುತ್ತದೆ, ಆದರೆ ನಾನು ಬೇಡ ಅನ್ನುತ್ತೇನೆ. ನಿಮ್ಮ ಡೇಟಾಬೇಸಿನಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿರುತ್ತವೆ. ಅದರಲ್ಲಿ ರಾಮ, ರಮಾ ಎರಡಕ್ಕೂ ಒಂದೇ ಸ್ಪೆಲ್ಲಿಂಗ್. ಇನಿಷಿಯಲ್ ಹಿಂದೆಯೋ ಮುಂದೆಯೋ ಗೊತ್ತಿಲ್ಲ. ಸಾಲದ ಕಂತಿನ ಬಗ್ಗೆ ಕರೆ ಮಾಡಿ ರಮಾ ಅವರನ್ನು ರಾಮ ಅಂತ ಕರೆದರೆ ಆಮೇಲೆ ಏನು ಹೇಳಿದರೂ ಅವರು ನಂಬುವುದಿಲ್ಲ.

ಬೇಕೇ ಬೇಕು ಅಂತಾದರೆ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಒಮ್ಮೆ ಸರಿಪಡಿಸಿ ಇಟ್ಟುಕೊಳ್ಳಿ. ಆ ಇಡೀ ವಾಕ್ಯವನ್ನು ಟಿಟಿಎಸ್‌ನಲ್ಲಿ ಹೇಳಿಸಿ. ರೆಕಾರ್ಡ್ ಮಾಡಿದ "ನಮಸ್ಕಾರ" ಮತ್ತು "ಅವರೇ" ನಡುವೆ ಕಂಪ್ಯೂಟರ್ ದನಿಯ ಹೆಸರು ತುರುಕಬೇಡಿ. ಹೆಸರು ಇಲ್ಲದಿದ್ದರೂ "ನೀವು" ಅಂತ ಗೌರವದಿಂದ ಮಾತಾಡಿದರೆ ಸಾಕು.

ಮೊಬೈಲ್ ನಂಬರ್, ಒಟಿಪಿ ಕನ್ನಡದಲ್ಲಿ ಓದಬೇಕಾ, ಇಂಗ್ಲಿಷ್‌ನಲ್ಲಾ?

ನಿಮ್ಮ ಗ್ರಾಹಕರು ಹೇಗೆ ಹೇಳುತ್ತಾರೋ ಹಾಗೆ. ಪೂರ್ತಿ ಕನ್ನಡದಲ್ಲೇ ಮಾತಾಡುವವರೂ ಫೋನ್ ನಂಬರನ್ನು "ನೈನ್ ಎಯ್ಟ್ ಫೋರ್" ಅಂತ ಹೇಳುವುದು ಮಾಮೂಲು, ಅದೇ ಜನ ದುಡ್ಡನ್ನು ಕನ್ನಡದಲ್ಲಿ ಎಣಿಸುತ್ತಾರೆ. ಮೊದಲ ಸಲ ಇಂಗ್ಲಿಷ್ ಅಂಕಿಯಲ್ಲಿ, ಮತ್ತೆ ಕೇಳಿದರೆ ಕನ್ನಡದಲ್ಲಿ ಹೇಳುವಂತೆ ಮಾಡಬಹುದು. ಎರಡು ಸಲವೂ ಒಂದೇ ದನಿ ಇರಲಿ. ಎರಡು ಮೂರು ಅಂಕಿಗೊಮ್ಮೆ ನಿಲ್ಲಿಸಿ, ಬರೆದುಕೊಳ್ಳಲು ಸಮಯ ಬೇಕಲ್ಲ.

ಕಲಬುರಗಿಯವರಿಗೂ ಮಂಗಳೂರಿನವರಿಗೂ ಒಂದೇ ದನಿ ಸಾಕಾ?

ಸ್ಕ್ರಿಪ್ಟ್ ಸರಳವಾಗಿದ್ದರೆ ಸಾಕು. ಬೇರೆ ಭಾಗದ ಮಾತನ್ನು ಸುಮ್ನೆ ಅನುಕರಿಸಲು ಹೋದರೆ ಜನಕ್ಕೆ ಬೇಜಾರಾಗುತ್ತದೆ. ಆ ಭಾಗಕ್ಕೆಂದೇ ಲೈನ್ ಇದ್ದರೆ ಅಲ್ಲಿನವರೇ ಆದ ಕಲಾವಿದರಿಂದ ಅಲ್ಲಿನ ಮಾತಿನಲ್ಲೇ ರೆಕಾರ್ಡ್ ಮಾಡಿಸಿ. ಆಗ ಟಿಟಿಎಸ್ ಆ ಧಾಟಿಗೆ ಹೊಂದುವುದಿಲ್ಲ ಅನ್ನುವುದು ನೆನಪಿರಲಿ. ಅಂಥ ಲೈನಿನಲ್ಲಿ ರೆಕಾರ್ಡಿಂಗ್ ಪಾಲು ಜಾಸ್ತಿ ಇಟ್ಟುಕೊಳ್ಳಬೇಕು.

## 3. ಸ್ಟುಡಿಯೋ ಮತ್ತು ಜೋಡಣೆ

ಸ್ಟುಡಿಯೋದಲ್ಲಿ ಅಷ್ಟು ಚೆನ್ನಾಗಿದ್ದ ದನಿ ಫೋನಿನಲ್ಲಿ ಡಬ್ಬದೊಳಗಿಂದ ಬಂದ ಹಾಗಿದೆ. ಏನು ತಪ್ಪಾಯ್ತು?

ಹಳೆಯ ಫೋನ್ ಲೈನ್ 300ರಿಂದ 3,400 ಹರ್ಟ್ಸ್ ನಡುವಿನ ದನಿಯನ್ನಷ್ಟೇ ಸಾಗಿಸುತ್ತದೆ. ಸೆಕೆಂಡಿಗೆ 8,000 ಸ್ಯಾಂಪಲ್, 64 ಕಿಲೋಬಿಟ್. ಇದು ಜಿ.711 ಅನ್ನುವ ಮಾನದಂಡ, ಭಾರತದಲ್ಲಿ ಬಳಸುವುದು ಅದರ ಎ-ಲಾ ರೂಪ. ವೋಲ್ಟಿ ಕರೆಯಲ್ಲಿ, ಅಂದರೆ 4ಜಿ ಜಾಲದ ಮೇಲೇ ಹೋಗುವ ಕರೆಯಲ್ಲಿ, 7,000 ಹರ್ಟ್ಸ್‌ವರೆಗೆ ಸಿಗಬಹುದು, ಆದರೆ ಕರೆ ನಿಮ್ಮ ಐವಿಆರ್ ತಲುಪುವಷ್ಟರಲ್ಲಿ ಎಷ್ಟೋ ಸಲ ಮತ್ತೆ ಅದೇ 8,000 ಸ್ಯಾಂಪಲ್‌ಗೆ (8 ಕಿಲೋಹರ್ಟ್ಸ್ ಅನ್ನುವುದು ಇದನ್ನೇ) ಇಳಿದಿರುತ್ತದೆ. "ಸ" ಅಕ್ಷರದ ಬಲವೆಲ್ಲ ಇರುವುದು 4,000 ಹರ್ಟ್ಸ್‌ಗಿಂತ ಮೇಲೆ. ಅದು ಕತ್ತರಿಸಿ ಹೋದರೆ ಸ, ಫ ಎರಡನ್ನೂ ಬೇರೆ ಮಾಡಿ ಕೇಳುವುದು ಕಷ್ಟ.

48 ಕಿಲೋಹರ್ಟ್ಸ್‌ನಲ್ಲೇ ರೆಕಾರ್ಡ್ ಮಾಡಿ, ಆ ಮೂಲ ಫೈಲ್‌ಗಳನ್ನು ಜೋಪಾನವಾಗಿಡಿ. ಆದರೆ ಸ್ಟುಡಿಯೋದಲ್ಲಿ ಟೇಕ್ ಓಕೆ ಮಾಡುವ ಮುಂಚೆ ಅದನ್ನು 8 ಕಿಲೋಹರ್ಟ್ಸ್‌ಗೆ ಇಳಿಸಿ ಒಂದು ಫೋನಿನಲ್ಲಿ ಕೇಳಿ. ರೇಡಿಯೋಗೆ ಹೊಂದುವ ಗಡಸು ದನಿ, ಮೈಕಿಗೆ ಹತ್ತಿರ ಬಂದು ಪಿಸುಗುಡುವ ದನಿ, ಎರಡೂ ಫೋನಿನಲ್ಲಿ ಸೊರಗುತ್ತವೆ. ಸ್ಪಷ್ಟವಾಗಿ, ಸ್ವಲ್ಪ ಮುಂದಕ್ಕೆ ತಂದು ಮಾತಾಡುವವರ ದನಿ ಉಳಿಯುತ್ತದೆ.

ದನಿ ಬದಲಾಗುವ ಜಾಗ ಕಿವಿಗೆ ಚುಚ್ಚುತ್ತೆ. ಹೇಗೆ ಸರಿ ಮಾಡೋದು?

ಚುಚ್ಚುವುದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣ, ಇದೇ ಕ್ರಮದಲ್ಲಿ ನೋಡುತ್ತಾ ಹೋಗಿ. ಮೊದಲು ದನಿಯ ಮಟ್ಟ. ಎರಡನ್ನೂ ಒಂದೇ ಅಳತೆಗೆ ತನ್ನಿ. ಮೌನವನ್ನು ಬಿಟ್ಟು ಮಾತಿನ ಭಾಗವನ್ನಷ್ಟೇ ಅಳೆಯುವ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ (ಐಟಿಯು) ಪಿ.56 ವಿಧಾನ ಇದಕ್ಕೆಂದೇ ಇದೆ. ಬರೀ ಪೀಕ್, ಅಂದರೆ ದನಿ ಅತಿ ಜೋರಾಗುವ ಬಿಂದು, ನೋಡಿ ಸರಿ ಮಾಡಿದರೆ ಒಂದು "ಪ" ಅಕ್ಷರದ ಹೊಡೆತದಿಂದ ಇಡೀ ವಾಕ್ಯದ ದನಿ ಸಣ್ಣದಾಗುತ್ತದೆ.

ಎರಡನೆಯದು ಹಿನ್ನೆಲೆ. ಸ್ಟುಡಿಯೋ ಎಷ್ಟೇ ಚೆನ್ನಾಗಿದ್ದರೂ ರೆಕಾರ್ಡಿಂಗ್‌ನಲ್ಲಿ ಕೋಣೆಯ ಸಣ್ಣ ಗುಂಯ್ ಇರುತ್ತದೆ. ಟಿಟಿಎಸ್‌ನ ಮೌನ ಎಷ್ಟೋ ಸಲ ಪೂರ್ತಿ ಸೊನ್ನೆ. ಆ ಸೊನ್ನೆ ಬಂದ ಕೂಡಲೇ ಲೈನ್ ಕಟ್ ಆಯಿತು ಅಂದುಕೊಂಡು "ಹಲೋ ಹಲೋ" ಅನ್ನುತ್ತಾರೆ. ಸ್ಟುಡಿಯೋದಲ್ಲಿ ಯಾರೂ ಮಾತಾಡದ ಅರ್ಧ ನಿಮಿಷವನ್ನು ರೆಕಾರ್ಡ್ ಮಾಡಿಕೊಂಡು ಟಿಟಿಎಸ್ ಕೆಳಗೆ ಸಣ್ಣದಾಗಿ ಹರಿಸಿ.

ಮೂರನೆಯದು ವೇಗ. ಕಲಾವಿದರು ನಿಧಾನ, ಟಿಟಿಎಸ್ ಜೋರು ಅಂತಿದ್ದರೆ ಟಿಟಿಎಸ್ ವೇಗವನ್ನು ಇಳಿಸಿ. ಕಲಾವಿದರ ಕ್ಲಿಪ್ಪನ್ನು ಎಳೆಯಬೇಡಿ, ಹಾಳಾಗುತ್ತದೆ. ಕೊನೆಯದು ನಿಲುಗಡೆ. ವಾಕ್ಯ ಮುಗಿದು ದನಿ ಬದಲಾಗುವಲ್ಲಿ ನಾನು 300ರಿಂದ 400 ಮಿಲಿಸೆಕೆಂಡ್ ಇಡುತ್ತೇನೆ. ಅದಕ್ಕಿಂತ ಕಡಿಮೆಯಾದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಹಾರಿದಂತೆ ಕೇಳುತ್ತದೆ.

ಇಷ್ಟಾದ ಮೇಲೂ ವ್ಯತ್ಯಾಸ ಗೊತ್ತಾಗುತ್ತದೆ, ಗೊತ್ತಾಗಲಿ. ಒಂದು ದನಿ ಸ್ವಾಗತಿಸಿ, "ನಿಮ್ಮ ವಿವರಗಳನ್ನು ಈಗ ಕೇಳಿ" ಅಂತ ಹೇಳಿ, ಆಮೇಲೆ ಬೇರೆ ದನಿ ಬಂದರೆ ಜನಕ್ಕೆ ಅದು ಸಹಜ. ನೇತ್ರಾವತಿಯೂ ಕುಮಾರಧಾರೆಯೂ ಉಪ್ಪಿನಂಗಡಿಯಲ್ಲಿ ಸೇರುವ ಹಾಗೆ, ಸೇರುವ ಜಾಗ ಕಾಣುವಂತಿದ್ದರೂ ಹರಿವು ನಿಲ್ಲದಿದ್ದರೆ ಆಯಿತು.

ಎಸ್‌ಎಸ್‌ಎಂಎಲ್ ಕಲಿಯಲೇಬೇಕಾ?

ಬುಡದ ನಾಲ್ಕೈದು ಟ್ಯಾಗ್ ಕಲಿತರೆ ಸಾಕು. ಇದು ಟಿಟಿಎಸ್‌ಗೆ ಹೇಗೆ ಓದಬೇಕು ಅಂತ ಹೇಳುವ ಗುರುತುಗಳ ಭಾಷೆ. ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಇದರ ಮೊದಲ ಆವೃತ್ತಿಯನ್ನು 2004ರಲ್ಲಿ, 1.1 ಆವೃತ್ತಿಯನ್ನು 2010ರಲ್ಲಿ ಹೊರತಂದಿತು. ನಮ್ಮ ಕೆಲಸಕ್ಕೆ ಜಾಸ್ತಿ ಬೇಕಾದ್ದು ಆಡಿಯೋ ಟ್ಯಾಗ್. ರೆಕಾರ್ಡ್ ಮಾಡಿದ ಕ್ಲಿಪ್ಪನ್ನು ಟಿಟಿಎಸ್ ವಾಕ್ಯಗಳ ನಡುವೆಯೇ ಕೂರಿಸಬಹುದು. ಆ ಟ್ಯಾಗಿನೊಳಗೆ ಅದೇ ಮಾತನ್ನು ಬರೆದಿಟ್ಟರೆ, ಫೈಲ್ ಸಿಗದೇ ಹೋದಾಗ ಕಂಪ್ಯೂಟರ್ ಅದನ್ನು ಓದಿ ಹೇಳುತ್ತದೆ. ಗ್ರಾಹಕರಿಗೆ ಮೌನ ಸಿಗುವುದಿಲ್ಲ. ನಿಮ್ಮ ಟಿಟಿಎಸ್ ಈ ಟ್ಯಾಗನ್ನು ಒಪ್ಪುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ. ಕೆಲವು ಹೊಸ ಎಂಜಿನ್‌ಗಳು ಎಲ್ಲ ಟ್ಯಾಗ್‌ಗಳನ್ನೂ ಒಪ್ಪುವುದಿಲ್ಲ.

ಕಲಾವಿದರದೇ ದನಿಯನ್ನು ಕ್ಲೋನ್ ಮಾಡಿ ಟಿಟಿಎಸ್ ಮಾಡಿಸಿದರೆ ಈ ತೊಂದರೆಯೇ ಇರಲ್ಲ ಅಲ್ವಾ?

ಕ್ಲೋನ್ ಅಂದರೆ ಒಬ್ಬರ ದನಿಯ ಕಂಪ್ಯೂಟರ್ ನಕಲು. ಅದರಿಂದ ಅರ್ಧ ತೊಂದರೆ ಹೋಗುತ್ತದೆ. ಕಲಾವಿದರು ಒಪ್ಪಿದರೆ ಇದೇ ಒಳ್ಳೆಯ ದಾರಿ. ಫೋನಿಗೆ ಬೇಕಾದ ಮಾತುಗಳ ಜೊತೆಗೆ ಕೆಲವು ನೂರು ವಾಕ್ಯಗಳನ್ನು ಅದೇ ದಿನ, ಅದೇ ಮೈಕ್‌ನಲ್ಲಿ, ಅದೇ ಧಾಟಿಯಲ್ಲಿ ಓದಿಸಿ. ಕಥೆ, ಸುದ್ದಿ ಓದಿಸಿ ಮಾಡಿದ ಕ್ಲೋನ್ ಫೋನಿನಲ್ಲೂ ಸುದ್ದಿಯನ್ನೇ ಓದುತ್ತದೆ. ಸಂಖ್ಯೆ, ತಾರೀಖು, ಊರಿನ ಹೆಸರು, ಪ್ರಶ್ನೆಗಳು ಆ ವಾಕ್ಯಗಳಲ್ಲಿ ಧಾರಾಳವಾಗಿರಲಿ.

ಉಳಿದ ಅರ್ಧ ತೊಂದರೆ ಧಾಟಿಯದು. ಒಂದೇ ದನಿಯಾದ ಮಾತ್ರಕ್ಕೆ ವಾಕ್ಯದ ನಡುವೆ ಜೋಡಿಸಬಹುದು ಅಂತಲ್ಲ. ಏರಿಳಿತ ಹೊಂದದಿದ್ದರೆ ಒಬ್ಬರೇ ಇಬ್ಬರಾಗಿ ಕೇಳುತ್ತಾರೆ.

ಟಿಟಿಎಸ್ ಕಂಪನಿ ಮಾಡೆಲ್ ಅಪ್‌ಡೇಟ್ ಮಾಡಿದ ಮೇಲೆ ದನಿಯೇ ಬೇರೆ ಆಯ್ತು. ಏನು ಮಾಡಲಿ?

ಒಪ್ಪಂದ ಮಾಡುವಾಗಲೇ ಆವೃತ್ತಿಯನ್ನು ಗಟ್ಟಿ ಮಾಡಿಕೊಳ್ಳಬೇಕು. ಆಗಾಗ ಬರುವ ಟಿಟಿಎಸ್ ವಾಕ್ಯಗಳ ಆಡಿಯೋವನ್ನು ನಿಮ್ಮ ಸರ್ವರಿನಲ್ಲೇ ಉಳಿಸಿಕೊಳ್ಳಿ. 20 ವಾಕ್ಯಗಳ ಒಂದು ಪಟ್ಟಿ ಇಟ್ಟುಕೊಂಡು ಪ್ರತಿ ವಾರ ಹೊಸದಾಗಿ ಹೇಳಿಸಿ, ಹಳೆಯದರ ಪಕ್ಕ ಇಟ್ಟು ಕೇಳಿ.

## 4. ಮಾತಿಗೆ ಮಾತು ಕೊಡುವ ಬಾಟ್

ಬಾಟ್ ಉತ್ತರ ಕೊಡಲು ತಡ ಮಾಡುತ್ತೆ. ನಡುವೆ "ಒಂದ್ನಿಮಿಷ, ನೋಡ್ತೀನಿ" ಅಂತ ರೆಕಾರ್ಡಿಂಗ್ ಹಾಕಬಹುದಾ?

ಹಾಕಬಹುದು. ರೆಕಾರ್ಡಿಂಗ್‌ನ ದೊಡ್ಡ ಉಪಯೋಗವೇ ಇದು, ಏಕೆಂದರೆ ಅದನ್ನು ಲೆಕ್ಕ ಹಾಕಿ ಹುಟ್ಟಿಸಬೇಕಾಗಿಲ್ಲ, ಕೂಡಲೇ ಶುರುವಾಗುತ್ತದೆ. ಜನ ಮಾತಾಡುವಾಗ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಬಹಳ ಸಣ್ಣದು. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಒಂದು ಅಧ್ಯಯನದಲ್ಲಿ ಅದು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು ಇತ್ತು. ಉತ್ತರ ಕಟ್ಟುವ ಭಾಷಾ ಮಾಡೆಲ್ ಯೋಚಿಸಿ, ಟಿಟಿಎಸ್ ಮಾತಾಡುವಷ್ಟರಲ್ಲಿ ಒಂದೆರಡು ಸೆಕೆಂಡ್ ಕಳೆದುಬಿಡಬಹುದು.

ನಾಲ್ಕೈದು ಬಗೆಯ ಮಾತನ್ನು ರೆಕಾರ್ಡ್ ಮಾಡಿಸಿ, ಒಂದೇ ಕರೆಯಲ್ಲಿ ಒಂದನ್ನು ಎರಡು ಸಲ ಹಾಕಬೇಡಿ. ನಿಜವಾಗಿ ಹುಡುಕುತ್ತಿರುವಾಗ ಮಾತ್ರ "ನೋಡ್ತೀನಿ" ಅನ್ನಿ. ಕೀಬೋರ್ಡ್ ಕುಟ್ಟುವ ಸುಳ್ಳು ಸದ್ದು, ಸುಳ್ಳು ಉಸಿರು ಹಾಕಬೇಡಿ. ಆ ಕಡೆ ಒಬ್ಬರು ಕೂತಿದ್ದಾರೆ ಅಂತ ಗ್ರಾಹಕರನ್ನು ನಂಬಿಸುವುದು ಸರಿಯಲ್ಲ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಗ್ರಾಹಕರು ನಡುವೆ ಬಾಯಿ ಹಾಕಿದರೆ ರೆಕಾರ್ಡಿಂಗ್ ನಿಲ್ಲಬೇಕಾ?

ನಿಲ್ಲಬೇಕು. ಜೊತೆಗೆ ಎಲ್ಲಿ ನಿಂತಿತು ಅನ್ನುವುದೂ ಬಾಟ್‌ಗೆ ಗೊತ್ತಾಗಬೇಕು. ಇದನ್ನು ಬಹಳ ತಂಡಗಳು ಮರೆಯುತ್ತವೆ. ಹತ್ತು ಸೆಕೆಂಡಿನ ಕ್ಲಿಪ್ ಮೂರನೇ ಸೆಕೆಂಡಿಗೆ ನಿಂತರೂ, ಪೂರ್ತಿ ಹೇಳಿದ್ದೇನೆ ಅಂತಲೇ ಬಾಟ್ ಅಂದುಕೊಳ್ಳುತ್ತದೆ. ಆಮೇಲೆ "ಆಗಲೇ ಹೇಳಿದಂತೆ" ಅಂತ ಶುರುಮಾಡುತ್ತದೆ, ಗ್ರಾಹಕರು ಕೇಳಿಯೇ ಇರುವುದಿಲ್ಲ. ಪ್ರತಿ ಕ್ಲಿಪ್‌ಗೂ ಯಾವ ಪದ ಯಾವ ಮಿಲಿಸೆಕೆಂಡಿನಲ್ಲಿ ಬರುತ್ತದೆ ಅನ್ನುವ ಪಟ್ಟಿ ಇಟ್ಟುಕೊಳ್ಳಿ, ಕೇಳಿಸಿದಷ್ಟನ್ನೇ ಸಂಭಾಷಣೆಯಲ್ಲಿ ದಾಖಲಿಸಿ. "ಹೂಂ", "ಹಾಂ", "ಸರಿ" ಅಂದಾಗ ನಿಲ್ಲಬಾರದು. ನಮ್ಮ ಜನ ಕೇಳುತ್ತಿದ್ದೇವೆ ಅಂತ ತೋರಿಸಲು ಹೂಂಗುಟ್ಟುತ್ತಲೇ ಇರುತ್ತಾರೆ.

ಮನುಷ್ಯರೇ ಮಾತಾಡ್ತಿದ್ದಾರೆ ಅಂದುಕೊಳ್ತಾರೆ. ಕಂಪ್ಯೂಟರ್ ಅಂತ ಹೇಳಲೇಬೇಕಾ?

ಹೇಳಿ, ಮೊದಲ ವಾಕ್ಯದಲ್ಲೇ. ಕಲಾವಿದರ ದನಿ ಬೆರೆತಿರುವ ಲೈನಿನಲ್ಲಂತೂ ಇನ್ನೂ ಮುಖ್ಯ, ಏಕೆಂದರೆ ಮೋಸ ಹೋಗುವುದು ಸುಲಭ. "ನಮಸ್ಕಾರ, ಇದು ನಮ್ಮ ಆಸ್ಪತ್ರೆಯ ಕಂಪ್ಯೂಟರ್ ಸಹಾಯವಾಣಿ. ಸಿಬ್ಬಂದಿ ಜೊತೆ ಮಾತಾಡಬೇಕಾದರೆ ಯಾವಾಗ ಬೇಕಾದರೂ ಹೇಳಿ" ಅಂದರೆ ಆಯಿತು. ಡ್ಯೂಪ್ಲೆಕ್ಸ್ ತೋರಿಸಿದಾಗ ಗೂಗಲ್‌ಗೂ ಇದೇ ಟೀಕೆ ಬಂದು, ಬಾಟ್ ಅಂತ ತಿಳಿಸುತ್ತೇವೆ ಅಂತ ಅವರು ಹೇಳಬೇಕಾಯಿತು.

ಬೆಂಗಳೂರಿನಿಂದ ಹೊರದೇಶದ ಗ್ರಾಹಕರಿಗೆ ಲೈನ್ ಮಾಡುವವರು ಅಲ್ಲಿನ ನಿಯಮ ನೋಡಲೇಬೇಕು. ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ 2024ರ ಫೆಬ್ರವರಿಯಲ್ಲಿ ಎಐ ಹುಟ್ಟಿಸಿದ ದನಿಯೂ ಕೃತಕ ದನಿಯೇ, ಅದನ್ನು ಬಳಸಿ ತಾನಾಗಿ ಕರೆ ಮಾಡುವುದಕ್ಕೆ ಮುಂಚಿತ ಒಪ್ಪಿಗೆ ಬೇಕು ಅಂತ ಸ್ಪಷ್ಟಪಡಿಸಿತು. ಯುರೋಪ್ ಒಕ್ಕೂಟದ ಎಐ ಕಾಯ್ದೆಯಲ್ಲೂ ಯಂತ್ರದ ಜೊತೆ ಮಾತಾಡುತ್ತಿದ್ದೀರಿ ಅಂತ ತಿಳಿಸುವ ನಿಯಮ ಇದೆ. ನಮ್ಮಲ್ಲಿ ಜಾಹೀರಾತು ಕರೆಗಳಿಗೆ 140, ಬ್ಯಾಂಕ್‌ನಂಥ ಸಂಸ್ಥೆಗಳ ಸೇವಾ ಕರೆಗಳಿಗೆ 1600 ಸರಣಿಯ ನಂಬರ್‌ಗಳಿವೆ. ಗ್ರಾಹಕರ ವಿವರ ಬಳಸುವುದಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ.

## 5. ಕಲಾವಿದರು ಮತ್ತು ಒಪ್ಪಿಗೆ

ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸಿದ್ದೇವೆ. ಆ ದನಿಯಿಂದ ಕ್ಲೋನ್ ಮಾಡಲು ಮತ್ತೆ ಕೇಳಬೇಕಾ?

ಕೇಳಲೇಬೇಕು. ಹೇಳಿದ ಮಾತಿಗೆ ಕೊಟ್ಟ ದುಡ್ಡು ಬೇರೆ, ಅವರು ಹೇಳದ ಮಾತನ್ನು ಅವರ ದನಿಯಲ್ಲಿ ಹೇಳಿಸುವ ಹಕ್ಕು ಬೇರೆ. ಅಮೆರಿಕದ ಕಲಾವಿದೆ ಸೂಸನ್ ಬೆನೆಟ್ 2005ರ ಜುಲೈನಲ್ಲಿ ದಿನವೂ ಗಂಟೆಗಟ್ಟಲೆ ಕೂತು ವಾಕ್ಯಗಳನ್ನು ಓದಿದರು. 2011ರಲ್ಲಿ ಆಪಲ್ ಫೋನಿನಲ್ಲಿ ಮಾತಾಡುವ ಸಹಾಯಕಿ ಸಿರಿ ಬಂದಾಗ, ಇದು ನಿನ್ನ ದನಿಯಲ್ಲವಾ ಅಂತ ಜೊತೆಯ ಕಲಾವಿದರೊಬ್ಬರು ಕೇಳಿದ ಮೇಲೆಯೇ ಅವರಿಗೆ ವಿಷಯ ಗೊತ್ತಾದದ್ದು. ಆಪಲ್ ಅದನ್ನು ಅಧಿಕೃತವಾಗಿ ಹೇಳಿಲ್ಲ. ನಮ್ಮ ದೇಶದಲ್ಲಿ 2024ರಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ಎಐ ಮೂಲಕ ನಕಲು ಮಾಡುವುದಕ್ಕೆ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು.

ಒಪ್ಪಿಗೆ ಪತ್ರದಲ್ಲಿ ಇಷ್ಟಾದರೂ ಇರಲಿ: ಯಾವ ಲೈನಿಗೆ, ಎಷ್ಟು ವರ್ಷ, ಯಾವ ಥರದ ಮಾತು ಹೇಳಿಸಬಾರದು, ಬೇರೆಯವರಿಗೆ ಕೊಡುವಂತಿಲ್ಲ, ಅವಧಿ ಮುಗಿದ ಮೇಲೆ ಮಾಡೆಲ್ ಅಳಿಸಬೇಕು, ಬಳಕೆ ಮುಂದುವರಿದರೆ ಸಂಭಾವನೆ ಎಷ್ಟು. ಅದು ಕನ್ನಡದಲ್ಲಿರಲಿ. ಡಬ್ಬಿಂಗ್ ಕಲಾವಿದರು ದಿನಗೂಲಿ ಲೆಕ್ಕದಲ್ಲಿ ಬಂದು ಹೋಗುತ್ತಾರೆ, ಎದುರಿಗಿಟ್ಟ ಇಂಗ್ಲಿಷ್ ಕಾಗದವನ್ನು ಓದಲು ಅವರಿಗೆ ಯಾರೂ ಸಮಯ ಕೊಡುವುದಿಲ್ಲ.

ಕಲಾವಿದರು ಮುಂದೆ ಸಿಗದೇ ಹೋದರೆ ಏನು ಗತಿ?

ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಕನ್ನಡದ ಪ್ರಕಟಣೆಗಳಿಗೆ ದನಿ ಕೊಟ್ಟಿದ್ದ ಅಪರ್ಣಾ ಅವರು 2024ರ ಜುಲೈನಲ್ಲಿ ತೀರಿಕೊಂಡಾಗ, ರೈಲಿನಲ್ಲಿ ದಿನವೂ ಅವರ ದನಿ ಕೇಳುತ್ತಿದ್ದವರೆಲ್ಲ ಮನೆಯವರನ್ನು ಕಳೆದುಕೊಂಡಂತೆ ದುಃಖಪಟ್ಟರು. ಒಂದು ದನಿ ಜನಕ್ಕೆ ಎಷ್ಟು ಹತ್ತಿರವಾಗುತ್ತದೆ ಅನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ಹಾಗಾಗಿ ಈ ಪ್ರಶ್ನೆಯನ್ನು ಮೊದಲ ದಿನವೇ ಕಲಾವಿದರ ಹತ್ತಿರ ಮಾತಾಡಿ. ತಾವು ಇಲ್ಲದಾಗ ತಮ್ಮ ದನಿಯಲ್ಲಿ ಹೊಸ ಮಾತು ಹೇಳಿಸಬಹುದೇ, ಬೇಡವೇ ಅನ್ನುವುದು ಅವರ ತೀರ್ಮಾನ. ಬೇಡ ಅಂದರೆ ಹಳೆಯ ರೆಕಾರ್ಡಿಂಗ್ ಹಾಗೇ ಇರಲಿ, ಹೊಸ ಮಾತಿಗೆ ಹೊಸಬರು ಬರಲಿ. ಹೊಸಬರನ್ನು ತರುವಾಗ ಒಂದು ಇಡೀ ಮೆನುವನ್ನು ಒಟ್ಟಿಗೆ ಬದಲಾಯಿಸಿ, ಒಂದೊಂದೇ ಕ್ಲಿಪ್ ಬದಲಾಯಿಸಬೇಡಿ.

## 6. ಚಾಲೂ ಮಾಡುವ ಮುಂಚೆ

ಪರೀಕ್ಷೆ ಹೇಗೆ ಮಾಡಬೇಕು? ಆಫೀಸಿನಲ್ಲಿ ಎಲ್ಲರೂ ಚೆನ್ನಾಗಿದೆ ಅಂದ್ರು.

ಆಫೀಸಿನವರಿಗೆ ಸ್ಕ್ರಿಪ್ಟ್ ಗೊತ್ತಿರುತ್ತದೆ, ಕಿವಿಗೆ ಹೆಡ್‌ಫೋನ್ ಇರುತ್ತದೆ. ಅದು ಪರೀಕ್ಷೆಯಲ್ಲ. ಕೀಪ್ಯಾಡ್ ಫೋನ್ ಬಳಸುವ, ವಯಸ್ಸಾದ, ಸ್ಕ್ರಿಪ್ಟ್ ನೋಡದ ಜನರನ್ನು ಹುಡುಕಿ. ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ನಿಲ್ಲಿಸಿ ಕರೆ ಮಾಡಿಸಿ. "ದನಿ ಹೇಗಿತ್ತು?" ಅಂತ ಕೇಳಬೇಡಿ. ಮೇಲೆ ಹೇಳಿದ 2001ರ ಪರೀಕ್ಷೆಯಲ್ಲಿ ನೋಡಿದಿರಲ್ಲ, ಇಷ್ಟವಾಗುವುದೇ ಬೇರೆ, ಕೆಲಸ ಆಗುವುದೇ ಬೇರೆ. "ಎಷ್ಟು ದುಡ್ಡು ಕಟ್ಟಬೇಕಂತೆ? ಯಾವ ತಾರೀಖಿನೊಳಗೆ?" ಅಂತ ಕೇಳಿ. ಅವರ ಉತ್ತರವನ್ನು ಸರಿಯಾದ ಉತ್ತರದ ಪಕ್ಕ ಬರೆದುಕೊಳ್ಳಿ. ಮೂರು ಬಗೆಯಲ್ಲಿ ಮಾಡಿ ನೋಡಿ: ಪೂರ್ತಿ ಟಿಟಿಎಸ್, ಪೂರ್ತಿ ರೆಕಾರ್ಡಿಂಗ್ ಜೋಡಣೆ, ಎರಡರ ಬೆರಕೆ. ಪೂರ್ತಿ ಟಿಟಿಎಸ್‌ನಲ್ಲೇ ಜನ ಸರಿಯಾಗಿ ಕೇಳಿಸಿಕೊಂಡರೆ ಅದನ್ನೇ ಇಟ್ಟುಕೊಳ್ಳಿ, ಕಲಾವಿದರ ಸ್ವಾಗತ ಮತ್ತು ಕ್ಷಮೆಯ ಮಾತುಗಳನ್ನಷ್ಟೇ ಉಳಿಸಿ.

ಚಾಲೂ ಆದ ಮೇಲೆ ಏನು ಗಮನಿಸಬೇಕು?

ಎರಡು ವಿಷಯ. ಜನ ಯಾವ ಕ್ಲಿಪ್ ಬಂದಾಗ ಫೋನ್ ಇಡುತ್ತಾರೆ, ಮತ್ತು ಯಾವ ವಾಕ್ಯದ ನಂತರ "ಏನು? ಇನ್ನೊಂದ್ಸಲ ಹೇಳಿ" ಅನ್ನುತ್ತಾರೆ. ಎರಡೂ ನಿಮ್ಮ ಲಾಗ್‌ನಲ್ಲೇ ಸಿಗುತ್ತವೆ. "ಇನ್ನೊಂದ್ಸಲ" ಜಾಸ್ತಿ ಬರುವ ಜಾಗದಲ್ಲಿ ದನಿ ಬದಲಾಗುತ್ತಿದೆಯೇ ಅಂತ ಮೊದಲು ನೋಡಿ. ಬದಲಾಗುತ್ತಿದ್ದರೆ ಆ ವಾಕ್ಯವನ್ನು ಪೂರ್ತಿ ಒಂದೇ ದನಿಗೆ ಕೊಟ್ಟು, ಮತ್ತೊಂದು ವಾರ ಬಿಟ್ಟು ಲಾಗ್ ತೆಗೆದು ನೋಡಿ.